ಕೈಪಂಪಿನ ಕಥೆ: ದಿನಬಳಕೆಯ ಒಂದು ಆವಿಷ್ಕಾರ



ಆಧುನಿಕ ಬದುಕನ್ನು ರೂಪಿಸಿದ ಆವಿಷ್ಕಾರಗಳು ಯಾವುವು ಎಂದು ಕೇಳಿದರೆ ನಿಮ್ಮ ಉತ್ತರ ಸಿದ್ಧವಾಗಿಯೇ ಇರುತ್ತದೆ. ಉಗಿಯಂತ್ರ ಎಂದೊಡನೆ ಜೇಮ್ಸ್ ವಾಟ್, ದೂರವಾಣಿ ಎಂದೊಡನೆ ಗ್ರಹಾಂ ಬೆಲ್, ವಿದ್ಯುತ್ ದೀಪ ಎಂದೊಡನೆ ಎಡಿಸನ್. ಇಸವಿಗಳೂ ಬಾಯಿಪಾಠ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಇನ್ನೂ ಕೆಲವು ಪ್ರಶ್ನೆಗಳಿವೆ. ಆ ವಸ್ತು ನಿಮ್ಮ ಊರಿಗೆ ಬಂದದ್ದು ಯಾವಾಗ? ಬಂದದ್ದು ಉಳಿಯಿತೇ? ಕೆಟ್ಟಾಗ ರಿಪೇರಿ ಮಾಡಿದವರು ಯಾರು? ಬಿ.ಎಸ್‌ಸಿ. ಓದಿದ ನನಗೂ ಈ ಪ್ರಶ್ನೆಗಳು ಹೊಳೆದಿರಲಿಲ್ಲ. ಅವುಗಳನ್ನು ನನಗೆ ಕಲಿಸಿದ್ದು ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ನಡೆಸಿದ ಒಂದು ಚಿತ್ರೀಕರಣ.

ಆವಿಷ್ಕಾರಗಳ ಚರಿತ್ರೆಯನ್ನು ಕುರಿತು ಕಾರ್ಯಕ್ರಮ ಮಾಡಬೇಕೆಂದು ನಮ್ಮ ತಂಡ ಅಲ್ಲಿಗೆ ಹೋಗಿತ್ತು. ಮೊದಲ ದಿನ ಯಾದಗಿರಿಯ ರೈಲು ನಿಲ್ದಾಣ. ಇಂಗ್ಲೆಂಡಿನಲ್ಲಿ ಸ್ಟಾಕ್ಟನ್‌ನಿಂದ ಡಾರ್ಲಿಂಗ್ಟನ್‌ಗೆ ಉಗಿಬಂಡಿಯ ಸಾರ್ವಜನಿಕ ರೈಲುಮಾರ್ಗ ಆರಂಭವಾದದ್ದು 1825ರಲ್ಲಿ. ಮುಂಬಯಿಯಿಂದ ಬಂದ ಹಳಿಯೂ ಮದರಾಸಿನಿಂದ ಬಂದ ಹಳಿಯೂ ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ಯಾದಗಿರಿ ಇರುವುದು ಇದೇ ಮಾರ್ಗದ ಮೇಲೆ. ಅಂದರೆ ನಲವತ್ತಾರು ವರ್ಷಗಳಲ್ಲಿ ಆ ಆವಿಷ್ಕಾರ ಇಂಗ್ಲೆಂಡಿನಿಂದ ಭೀಮಾತೀರಕ್ಕೆ ಬಂದಿತ್ತು! ಆದರೆ ಹಳಿ ನದಿಯ ಈಚೆ ದಂಡೆಯಲ್ಲಿಯೇ ಸಾಗಿಹೋಯಿತು. ಆಚೆ ದಂಡೆಯ ಶಹಾಪುರ, ಸುರಪುರಗಳ ಜನ ತಲೆಮಾರುಗಳ ಕಾಲ ರೈಲು ಹತ್ತಲು ಯಾದಗಿರಿಗೇ ಬರಬೇಕಾಯಿತು. ಗದಗ–ವಾಡಿ ಹೊಸ ಮಾರ್ಗದ ಯೋಜನೆಯಲ್ಲಿ ಆ ಊರುಗಳ ಹೆಸರು ಸೇರಿದ್ದು ಬಹಳ ತಡವಾಗಿ. ಆವಿಷ್ಕಾರ ಹುಟ್ಟಿದ ಇಸವಿ ಒಂದು, ನಮ್ಮ ಬಾಗಿಲಿಗೆ ಬಂದ ಇಸವಿ ಇನ್ನೊಂದು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಈ ನೆಲದಲ್ಲೇ ಇದೆ. ದೂರದರ್ಶನ ಬೆಂಗಳೂರಿಗೆ ಬಂದದ್ದು 1981ರಲ್ಲಿ. ಆದರೆ ಅದಕ್ಕೂ ಆರು ವರ್ಷ ಮೊದಲೇ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಲವು ಹಳ್ಳಿಗಳಲ್ಲಿ ಜನ ಟಿ.ವಿ. ನೋಡಿದ್ದರು. ಯಾದಗಿರಿ, ಶಹಾಪುರ, ಸುರಪುರ ಆಗ ಗುಲ್ಬರ್ಗಾ ಜಿಲ್ಲೆಯ ತಾಲ್ಲೂಕುಗಳು. ಅಮೆರಿಕದ ಎಟಿಎಸ್–6 ಉಪಗ್ರಹದ ನೆರವಿನಿಂದ 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ಆ ಪ್ರಯೋಗಕ್ಕೆ ‘ಸೈಟ್’ ಎಂದು ಹೆಸರು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಅದರಲ್ಲಿ ಸೇರಿದ್ದವು. ಬೇಸಾಯ, ಆರೋಗ್ಯ, ಶಾಲಾಪಾಠಗಳು ಆಕಾಶದಿಂದ ನೇರವಾಗಿ ಹಳ್ಳಿಗಿಳಿದವು. 1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು, ಉಪಗ್ರಹ ಬೇರೆಡೆಗೆ ಸರಿಯಿತು. ಮುಂದೆ ನೆಲದ ಮೇಲಿನ ಪ್ರಸಾರ ಕೇಂದ್ರಗಳು ಬಂದವು, ನಿಜ. ಆದರೆ ಬಂದ ಆವಿಷ್ಕಾರ ಹಳ್ಳಿಯವರ ಕೈಯಲ್ಲಿ ಇರದಿದ್ದರೆ ಅದು ಹೇಳದೆ ಕೇಳದೆ ಹೋಗಲೂಬಹುದು ಎಂಬ ಪಾಠ ಇಲ್ಲಿದೆ.

ಇನ್ನು ಬಂದು ಉಳಿದ ಒಂದು ಆವಿಷ್ಕಾರದ ಕಥೆ ಹೇಳುತ್ತೇನೆ.

ಮರುದಿನ ಶಹಾಪುರ, ಸುರಪುರಗಳ ನಡುವಿನ ಒಂದು ಹಳ್ಳಿಯ ಶಾಲೆಯಲ್ಲಿ ಚಿತ್ರೀಕರಣವಿತ್ತು. ಆವರಣದಲ್ಲಿ ಮಕ್ಕಳನ್ನು ಸಾಲಾಗಿ ಕೂರಿಸಿ, ಒಬ್ಬೊಬ್ಬರಿಂದ ಒಂದೊಂದು ಆವಿಷ್ಕಾರದ ಹೆಸರು ಹೇಳಿಸಬೇಕು. ಆದರೆ ಧ್ವನಿಮುದ್ರಣ ಶುರುವಾದಾಗಲೆಲ್ಲ ಪಕ್ಕದಲ್ಲಿ ‘ಕಿರ್ರ್, ಧಡ್’ ಎಂಬ ಸದ್ದು. ಶಾಲೆಯ ಕೈಪಂಪು. ಆ ಕಡೆಯವರು ಅದನ್ನು ‘ಬೋರಿಂಗ್’ ಎನ್ನುತ್ತಾರೆ. ನಾನು ಎದ್ದು ಹೋಗಿ, ಅರ್ಧ ಗಂಟೆ ಪಂಪು ಹೊಡೆಯಬೇಡಿ ಎಂದು ಸ್ವಲ್ಪ ಗಡುಸಾಗಿಯೇ ಹೇಳಿದೆ. ಬಿಸಿಯೂಟದ ಅಡುಗೆ ಮಾಡುವ ತಾಯಿ ಕೊಡವನ್ನು ಕೆಳಗಿಟ್ಟು ಸಮಾಧಾನದಿಂದಲೇ ಅಂದರು: “ಸರ, ನೀವು ಸಪ್ಪಳ ಬ್ಯಾಡ ಅಂತೀರಿ. ಸಪ್ಪಳ ಇಲ್ಲಂದ್ರ ನೀರಿಲ್ಲ. ನೀರಿಲ್ಲಂದ್ರ ಹುಡುಗರಿಗೆ ಅನ್ನ ಇಲ್ಲ.”

ನನಗೆ ನಾಚಿಕೆಯಾಯಿತು. ಆವಿಷ್ಕಾರವನ್ನು ಹುಡುಕಿಕೊಂಡು ಅಷ್ಟು ದೂರ ಬಂದವನು ಕಣ್ಣೆದುರಿನ ಆವಿಷ್ಕಾರದ ಬಾಯಿ ಮುಚ್ಚಿಸಲು ಹೊರಟಿದ್ದೆ. ಕ್ಯಾಮೆರಾವನ್ನು ಪಂಪಿನ ಕಡೆಗೆ ತಿರುಗಿಸಿದೆವು.

ಅಲ್ಲಿ ನಿಂತಿದ್ದ ಹಿರಿಯರೊಬ್ಬರು ಧೋತರವನ್ನು ಮೊಣಕಾಲಿನವರೆಗೆ ಎತ್ತಿ ಮೀನಖಂಡದ ಮೇಲಿನ ಹಳೆಯ ಕಲೆ ತೋರಿಸಿದರು. ಅದು ನಾರುಹುಣ್ಣಿನ ಗುರುತು. ನಿಮ್ಮಲ್ಲಿ ಅನೇಕರಿಗೆ ಈ ಹೆಸರು ಗೊತ್ತಿರಲಾರದು. ಗೊತ್ತಿಲ್ಲದಿರುವುದೇ ವಿಜ್ಞಾನದ ಒಂದು ಗೆಲುವು. ಹಿಂದೆ ಈ ಬಯಲುಸೀಮೆಯಲ್ಲಿ ಮೆಟ್ಟಿಲು ಬಾವಿಗೆ ಇಳಿದು ನೀರು ತುಂಬುತ್ತಿದ್ದರು. ಆ ನೀರಿನಲ್ಲಿ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಜೀವಿಗಳಿರುತ್ತವೆ, ಸೈಕ್ಲಾಪ್ಸ್ ಎಂದು ಅವುಗಳ ಹೆಸರು. ನಾರುಹುಳದ ಮರಿ ಸೈಕ್ಲಾಪ್ಸ್‌ನೊಳಗೆ ಸೇರಿಕೊಂಡು, ಕುಡಿಯುವ ನೀರಿನೊಂದಿಗೆ ಹೊಟ್ಟೆಗೆ ಹೋಗುತ್ತದೆ. ಸುಮಾರು ಒಂದು ವರ್ಷದ ಮೇಲೆ ಎರಡು ಮೂರು ಅಡಿ ಉದ್ದದ ಹುಳುವಾಗಿ ಕಾಲಿನ ಚರ್ಮ ಒಡೆದು ಹೊರಬರುತ್ತದೆ. ಎಳೆದರೆ ತುಂಡಾಗುತ್ತದೆ. ಕಡ್ಡಿಗೆ ಸುತ್ತುತ್ತ ದಿನಕ್ಕಿಷ್ಟಿಷ್ಟೇ ಹೊರತೆಗೆಯಬೇಕು. ಉರಿ ತಾಳಲಾರದೆ ರೋಗಿ ಮತ್ತೆ ಬಾವಿಯ ನೀರಿಗೆ ಕಾಲಿಟ್ಟರೆ, ಹುಳು ಸಾವಿರಾರು ಮರಿಗಳನ್ನು ಆ ನೀರಿಗೇ ಬಿಡುತ್ತದೆ. ಚಕ್ರ ಮತ್ತೆ ಶುರು.

ಈ ರೋಗಕ್ಕೆ ಲಸಿಕೆಯೂ ಇಲ್ಲ, ಕೊಲ್ಲುವ ಔಷಧಿಯೂ ಇಲ್ಲ. ಮನುಷ್ಯನ ಕಾಲು ಕುಡಿಯುವ ನೀರನ್ನು ಮುಟ್ಟದಂತೆ ಮಾಡುವುದು, ನೀರನ್ನು ಬಟ್ಟೆಯಲ್ಲಿ ಸೋಸುವುದು, ಇವೇ ಮುಖ್ಯ ಉಪಾಯಗಳು. ಕೊಳವೆಬಾವಿಯ ನೀರಿಗೆ ಕಾಲಿಡಲು ಯಾರಿಂದ ಸಾಧ್ಯ? ಕೈಪಂಪು ಚಕ್ರವನ್ನು ಅಲ್ಲಿಯೇ ಕತ್ತರಿಸಿತು. 1984ರಲ್ಲಿ ದೇಶದಲ್ಲಿ ಸುಮಾರು 40,000 ನಾರುಹುಣ್ಣಿನ ಪ್ರಕರಣಗಳಿದ್ದವು. ರೋಗವಿದ್ದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಕೊನೆಯ ಪ್ರಕರಣ ಕಂಡದ್ದು 1996ರಲ್ಲಿ ರಾಜಸ್ಥಾನದಲ್ಲಿ. 2000ನೆಯ ಇಸವಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣುಮುಕ್ತ ಎಂದು ಸಾರಿತು. ಮನೆಮನೆಗೆ ಹೋಗಿ ರೋಗಿಗಳನ್ನು ಹುಡುಕಿದ ಆರೋಗ್ಯ ಕಾರ್ಯಕರ್ತರದು, ನೀರು ಸೋಸಿದ ತಾಯಂದಿರದು ಇದರಲ್ಲಿ ದೊಡ್ಡ ಪಾಲು. ಅವರ ಜೊತೆಗೆ ಈ ಕಿರ್ರೆನ್ನುವ ಯಂತ್ರದ್ದೂ ಪಾಲಿದೆ.

ಹಾಗಾದರೆ ಈ ಪಂಪನ್ನು ಕಂಡುಹಿಡಿದವರು ಯಾರು? ಇಲ್ಲಿ ಬಾಯಿಪಾಠದ ಉತ್ತರ ನಡೆಯುವುದಿಲ್ಲ. ಕಥೆ ಇಟಲಿಯಿಂದ ಆರಂಭವಾಗುತ್ತದೆ. ಎಷ್ಟೇ ಒಳ್ಳೆಯ ಹೀರುಪಂಪಾದರೂ ನೀರನ್ನು ಸುಮಾರು ಹತ್ತು ಮೀಟರಿಗಿಂತ ಮೇಲಕ್ಕೆ ಎಳೆಯಲಾರದು ಎಂಬುದು ಗೆಲಿಲಿಯೋನ ಕಾಲದ ಕುಶಲಕರ್ಮಿಗಳಿಗೆ ಗೊತ್ತಿತ್ತು. ಕಾರಣ ತಿಳಿದಿರಲಿಲ್ಲ. 1643ರಲ್ಲಿ ಟೊರಿಸೆಲ್ಲಿ ಪಾದರಸದ ನಳಿಕೆಯ ಪ್ರಯೋಗದಿಂದ ಅದನ್ನು ಬಿಡಿಸಿದ. ಪಂಪು ನೀರನ್ನು ಎಳೆಯುವುದೇ ಇಲ್ಲ. ಹೊರಗಿನ ಗಾಳಿಯ ಒತ್ತಡ ನೀರನ್ನು ಮೇಲಕ್ಕೆ ತಳ್ಳುತ್ತದೆ. ಆ ಒತ್ತಡದ ಶಕ್ತಿ ಪಾದರಸಕ್ಕೆ 76 ಸೆಂಟಿಮೀಟರ್, ನೀರಿಗೆ ಹತ್ತು ಮೀಟರಿಗಿಂತ ತುಸು ಹೆಚ್ಚು. ಅಷ್ಟೇ. ನೀವು ಭೌತಶಾಸ್ತ್ರದಲ್ಲಿ ಓದಿದ ಆ ಪಾಠ ಇದೇ ಪಂಪಿನ ಬುಡದಲ್ಲಿದೆ.

ಯಾದಗಿರಿಯ ಗಟ್ಟಿ ಬಂಡೆಯ ನೆಲದಲ್ಲಿ ನೀರು ಅದಕ್ಕಿಂತ ಎಷ್ಟೋ ಆಳದಲ್ಲಿರಬಹುದು. ಆದ್ದರಿಂದ ಪಂಪಿನ ಸಿಲಿಂಡರನ್ನೇ ನೀರಿನೊಳಗೆ ಇಳಿಸುತ್ತಾರೆ. ಮೇಲಿನ ಹಿಡಿಕೆಗೂ ಕೆಳಗಿನ ಸಿಲಿಂಡರಿಗೂ ಉದ್ದನೆಯ ಕಬ್ಬಿಣದ ಸರಳುಗಳ ಸಂಬಂಧ. ಹಿಡಿಕೆ ಒತ್ತಿದಾಗ ಕೊಂತ, ಅಂದರೆ ಪಿಸ್ಟನ್, ಮೇಲೇರಿ ತನ್ನ ಮೇಲಿರುವ ನೀರನ್ನು ಎತ್ತುತ್ತದೆ. ಅದೇ ಹೊತ್ತಿಗೆ ತಳದ ಕವಾಟ ತೆರೆದು ಹೊಸ ನೀರು ಒಳಬರುತ್ತದೆ. ಹಿಡಿಕೆ ಬಿಟ್ಟಾಗ ತಳದ ಕವಾಟ ಮುಚ್ಚಿ, ಕೊಂತದ ಕವಾಟ ತೆರೆಯುತ್ತದೆ. ಇದು ಎಳೆಯುವ ಪಂಪಲ್ಲ, ಎತ್ತುವ ಪಂಪು. ಹಿಡಿಕೆ ಒಂದು ಸನ್ನೆಗೋಲು. ಹೊರತೋಳು ಉದ್ದ, ಒಳತೋಳು ಗಿಡ್ಡ. ಆದ್ದರಿಂದಲೇ ಇಬ್ಬರು ಪುಟ್ಟ ಮಕ್ಕಳು ಜೋತುಬಿದ್ದರೂ ನೀರು ಬರುತ್ತದೆ.

1960ರ ದಶಕದ ಬರಗಾಲಗಳಲ್ಲಿ ಗಟ್ಟಿ ಬಂಡೆ ಕೊರೆಯುವ ಯಂತ್ರಗಳು ನಮ್ಮ ದೇಶಕ್ಕೆ ಬಂದವು. ಯುನಿಸೆಫ್ ಸಂಸ್ಥೆ ನೆರವು ನೀಡಿತು. ಸಾವಿರಾರು ಕೊಳವೆಬಾವಿಗಳು ಸಿದ್ಧವಾದವು. ಆದರೆ ಅವುಗಳ ಮೇಲೆ ಕೂರಿಸಿದ್ದು ಎರಕದ ಕಬ್ಬಿಣದ ಪಂಪುಗಳನ್ನು. ಅವು ಯುರೋಪ್, ಅಮೆರಿಕಗಳಲ್ಲಿ ಒಂದು ಮನೆತನದ ಬಳಕೆಗೆಂದು ಮಾಡಿದ ಪಂಪುಗಳ ನಕಲು. ಇಲ್ಲಿ ಒಂದು ಪಂಪಿಗೆ ಇಡೀ ಊರೇ ಸರದಿ ನಿಲ್ಲುತ್ತದೆ! 1974ರಲ್ಲಿ ಪರಿಶೀಲಿಸಿದಾಗ ನಾಲ್ಕರಲ್ಲಿ ಮೂರು ಪಂಪುಗಳು ಕೆಟ್ಟು ನಿಂತಿದ್ದವು.

ಪರಿಹಾರದ ಬೀಜ ಸಿಕ್ಕಿದ್ದು ಯಾದಗಿರಿಯ ರೈಲುಮಾರ್ಗದ ಮೇಲೆಯೇ ಇರುವ ಸೊಲ್ಲಾಪುರದಲ್ಲಿ. ಮಹಾರಾಷ್ಟ್ರದ ಬರಪ್ರದೇಶಗಳಲ್ಲಿ ಮಿಷನರಿ ಸಂಸ್ಥೆಗಳು ಉಕ್ಕಿನ ಪಂಪುಗಳನ್ನು ತಾವೇ ತಯಾರಿಸಿಕೊಂಡು ಬಳಸುತ್ತಿದ್ದವು. ಜಾಲ್ನಾದಲ್ಲಿ ಒಂದು ಮಾದರಿ, ಸೊಲ್ಲಾಪುರದಲ್ಲಿ ಅದಕ್ಕಿಂತ ಗಟ್ಟಿಯಾದ ಇನ್ನೊಂದು ಮಾದರಿ. ಸೊಲ್ಲಾಪುರದ ಪಂಪಿನಲ್ಲಿ ಹಿಡಿಕೆಗೂ ಸರಳಿಗೂ ನಡುವೆ ಸರಪಳಿಯಿತ್ತು. ಹಿಡಿಕೆ ಕಮಾನಿನಂತೆ ತಿರುಗಿದರೂ ಸರಳು ಓರೆಯಾಗದೆ ನೆಟ್ಟಗೆ ಏರಿಳಿಯುತ್ತಿತ್ತು. ಸವೆತ ಕಡಿಮೆ, ಬಾಳಿಕೆ ಹೆಚ್ಚು. ಭಾರತ ಸರ್ಕಾರ, ಯುನಿಸೆಫ್, ಮದರಾಸಿನ ಎಂಜಿನಿಯರುಗಳು ಸೇರಿ ಈ ಮಾದರಿಯನ್ನು ತಿದ್ದಿದರು. ಕೊಯಮತ್ತೂರಿನ ಸುತ್ತಿನ ಹಳ್ಳಿಗಳಲ್ಲಿ 1976–77ರಲ್ಲಿ ಪರೀಕ್ಷೆಗೊಡ್ಡಿದರು. ಹೀಗೆ ಹುಟ್ಟಿದ್ದು ‘ಇಂಡಿಯಾ ಮಾರ್ಕ್–2’. ಪೇಟೆಂಟ್ ಪಡೆಯದೆ ಅದರ ನಕ್ಷೆಯನ್ನು ಎಲ್ಲರಿಗೂ ಮುಕ್ತವಾಗಿಟ್ಟರು. ಆಫ್ರಿಕಾದ ಹಳ್ಳಿಗಳಲ್ಲಿಯೂ ಇಂದು ಈ ಪಂಪನ್ನು ಕಾಣಬಹುದು.

ಆದರೂ ಒಂದು ತೊಂದರೆ ಉಳಿಯಿತು. ಒಳಗಿನ ಒಂದು ವಾಷರ್ ಸವೆದರೂ ಉದ್ದದ ಕೊಳವೆಗಳನ್ನೆಲ್ಲ ಮೇಲೆತ್ತಬೇಕು. ಅದಕ್ಕೆ ದೂರದಿಂದ ಗಾಡಿ, ಆಳುಗಳು ಬರಬೇಕು. ಬಳಸುವವರ ಈ ಕಷ್ಟವನ್ನು ಗಮನಿಸಿಯೇ ‘ಮಾರ್ಕ್–3’ ಮಾಡಿದರು. ಅದರಲ್ಲಿ ಕೊಳವೆಯನ್ನು ಹಾಗೆಯೇ ಬಿಟ್ಟು ಕೊಂತವನ್ನಷ್ಟೇ ಹೊರತೆಗೆಯಬಹುದು. ನೋಡಿದಿರಾ? ಗೆಲಿಲಿಯೋನ ಕಾಲದ ಕುಶಲಕರ್ಮಿ, ಟೊರಿಸೆಲ್ಲಿ, ಸೊಲ್ಲಾಪುರದ ಕಾರ್ಯಾಗಾರ, ಮದರಾಸಿನ ಎಂಜಿನಿಯರು, ಪಂಪು ಕೆಟ್ಟಿದೆ ಎಂದು ದೂರಿದ ಹಳ್ಳಿಯ ಹೆಣ್ಣುಮಗಳು, ಎಲ್ಲರೂ ಸೇರಿ ಮಾಡಿದ ಆವಿಷ್ಕಾರ ಇದು.

ಕಥೆ ಇಲ್ಲಿಗೆ ಮುಗಿದಿದ್ದರೆ ಸುಖಾಂತವಾಗುತ್ತಿತ್ತು. ಆದರೆ ಆಳಕ್ಕೆ ಹೋದಂತೆ ನೀರು ಬಂಡೆಯ ಲವಣಗಳನ್ನೂ ಕರಗಿಸಿಕೊಂಡು ಬರುತ್ತದೆ. ಈ ಮೂರೂ ತಾಲ್ಲೂಕುಗಳ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಇದೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಿದ ನೀರನ್ನು ಬಹುಕಾಲ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ; ಪ್ರಮಾಣ ಇನ್ನೂ ಹೆಚ್ಚಾದರೆ ಮೂಳೆಗೂ ಕೇಡು. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಇನ್ನೂ ಗಂಭೀರವಾದ ಸಂಗತಿ ಬೆಳಕಿಗೆ ಬಂತು. ಅಲ್ಲಿನ ಕೊಳವೆಬಾವಿಯ ನೀರಿನಲ್ಲಿ ಆರ್ಸೆನಿಕ್, ಜನರ ಚರ್ಮದ ಮೇಲೆ ಅದರ ಗುರುತುಗಳು ಇರುವುದನ್ನು ವಿಜ್ಞಾನಿಗಳು 2013ರಲ್ಲಿ ವರದಿ ಮಾಡಿದರು. ಹತ್ತಿರದಲ್ಲಿಯೇ ಮಂಗಳೂರು ಎಂಬ ಹಳ್ಳಿಯ ಹಳೆಯ ಚಿನ್ನದ ಗಣಿಯ ಪ್ರದೇಶ. ಚಿನ್ನವಿರುವ ಬಂಡೆಗಳಲ್ಲಿ ಆರ್ಸೆನಿಕ್ ಇರುವುದು ಹೊಸತೇನಲ್ಲ.

ಒಂದು ಮಾತು ನೆನಪಿಡಿ. ಆರ್ಸೆನಿಕ್, ಫ್ಲೋರೈಡ್‌ಗಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೆ ಕ್ರಿಮಿಗಳು ಸಾಯುತ್ತವೆ, ಇವು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಇವುಗಳ ಪ್ರಮಾಣ ಏರುತ್ತದೆ. ಪರೀಕ್ಷೆ ಮಾಡಿಸುವುದೊಂದೇ ತಿಳಿಯುವ ದಾರಿ. ಇಂದು ಅನೇಕ ಹಳ್ಳಿಗಳಿಗೆ ನಲ್ಲಿ ನೀರು ಬಂದಿದೆ. ಆದರೆ ನಲ್ಲಿಯ ಮೂಲ ನದಿಯೋ, ಅದೇ ಕೊಳವೆಬಾವಿಯೋ ಎಂದು ಕೇಳಿದವರೆಷ್ಟು ಮಂದಿ?

ಹಾಗೆಂದು ಕೈಪಂಪು ತಪ್ಪು ಮಾಡಿತೆಂದಲ್ಲ. ಅದು ಒಂದು ಕಾಲದ ಪ್ರಶ್ನೆಗೆ ಉತ್ತರ ಕೊಟ್ಟಿತು. ಪ್ರತಿ ಉತ್ತರವೂ ಹೊಸ ಪ್ರಶ್ನೆಯನ್ನು ಹೆರುತ್ತದೆ. ಅದನ್ನು ಕೇಳುವವರು ಊರಿನಲ್ಲಿ ಇರುವವರೆಗೆ ಆವಿಷ್ಕಾರ ಜೀವಂತ. ಕೇಳುವವರಿಲ್ಲದಿದ್ದರೆ ಅದು ಬರೀ ಕಬ್ಬಿಣ.

ನಾಳೆ ಶಾಲೆಗೆ, ಕಾಲೇಜಿಗೆ ಹೋದಾಗ ಒಂದು ಕೆಲಸ ಮಾಡಿ. ನೀವು ಕುಡಿಯುವ ನೀರು ಎಲ್ಲಿಂದ ಬರುತ್ತದೆ, ಎಷ್ಟು ಆಳದಿಂದ, ಕೊನೆಯ ಬಾರಿ ಪರೀಕ್ಷೆಯಾದದ್ದು ಯಾವಾಗ, ಫಲಿತಾಂಶ ಏನು ಎಂದು ಗುರುಗಳನ್ನು, ಗ್ರಾಮ ಪಂಚಾಯಿತಿಯವರನ್ನು ವಿನಯದಿಂದ ಕೇಳಿ. ಉತ್ತರ ಸಿಕ್ಕರೆ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿಡಿ. ಸಿಗದಿದ್ದರೆ ಮತ್ತೆ ಕೇಳಿ.

ಅಂದಹಾಗೆ, ನಮ್ಮ ಕಾರ್ಯಕ್ರಮ ಪ್ರಸಾರವಾದಾಗ ಅದರ ಆರಂಭದಲ್ಲಿ ವಾದ್ಯಸಂಗೀತ ಇರಲಿಲ್ಲ. ಇದ್ದದ್ದು ಆ ಶಾಲೆಯ ಬೋರಿಂಗಿನ ಸಪ್ಪಳ.