ಲಕ್ಷಣ ಒಂದು, ರೋಗ ಹಲವು



ವಯಸ್ಸಾದ ಒಬ್ಬರ ನಡಿಗೆ ನಿಧಾನವಾಗಿದೆ, ಕೈಕಾಲು ಬಿಗಿಯಾಗಿವೆ, ಮುಖದಲ್ಲಿ ಭಾವ ಕಡಿಮೆಯಾಗಿದೆ ಎಂದಿಟ್ಟುಕೊಳ್ಳಿ. ಇದು ಪಾರ್ಕಿನ್ಸನ್ ಕಾಯಿಲೆ ಎಂದು ಯಾರಿಗಾದರೂ ಅನ್ನಿಸುತ್ತದೆ. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ವರ್ಣಿಸಿದ ಈ ರೋಗವನ್ನು ನಮ್ಮಲ್ಲಿ ಕಂಪವಾತ ಎನ್ನುವುದುಂಟು. ಆದರೆ ಇದೇ ಲಕ್ಷಣಗಳನ್ನು ತೋರುವ ಬೇರೆ ರೋಗಗಳೂ ಇವೆ. ಅವುಗಳಲ್ಲಿ ಎರಡು ಮುಖ್ಯವಾದವು. ಒಂದು, ನರಮಂಡಲದ ಹಲವು ಭಾಗಗಳು ಕ್ಷಯಿಸುವ ಮಲ್ಟಿಪಲ್ ಸಿಸ್ಟಮ್ ಅಟ್ರೋಫಿ. ಇದರಲ್ಲಿ ಎದ್ದು ನಿಂತೊಡನೆ ರಕ್ತದೊತ್ತಡ ಕುಸಿಯಬಹುದು. ಇನ್ನೊಂದು, 1964ರಲ್ಲಿ ಕೆನಡಾದ ವೈದ್ಯರು ವಿವರಿಸಿದ ಪ್ರೋಗ್ರೆಸಿವ್ ಸುಪ್ರಾನ್ಯೂಕ್ಲಿಯರ್ ಪಾಲ್ಸಿ. ಇದರಲ್ಲಿ ಕಣ್ಣನ್ನು ಮೇಲಕ್ಕೆ ಕೆಳಕ್ಕೆ ಹೊರಳಿಸುವುದು ಕಷ್ಟ. ರೋಗಿ ಪದೇ ಪದೇ ಬೀಳುತ್ತಾರೆ. ಈ ಗುರುತುಗಳು ಆರಂಭದಲ್ಲಿ ಸ್ಪಷ್ಟವಾಗಿ ಕಾಣದೆ ಹೋಗಬಹುದು.

ಹೆಸರು ಯಾವುದಾದರೇನು ಎನ್ನುವಂತಿಲ್ಲ. ಲೆವೊಡೋಪಾ ಎಂಬ ಔಷಧಿ ಪಾರ್ಕಿನ್ಸನ್ ರೋಗಿಗೆ ವರ್ಷಗಟ್ಟಲೆ ನೆರವಾಗುತ್ತದೆ. ಉಳಿದೆರಡರಲ್ಲಿ ಅದರ ಗುಣ ಅಲ್ಪ. ಮಿದುಳಿಗೆ ವಿದ್ಯುತ್ ತಂತಿ ಅಳವಡಿಸುವ ಶಸ್ತ್ರಚಿಕಿತ್ಸೆಯೂ ಆಯ್ದ ಪಾರ್ಕಿನ್ಸನ್ ರೋಗಿಗಳಿಗೆ ಮಾತ್ರ ಉಪಯುಕ್ತ. ರೋಗ ತಪ್ಪಾಗಿ ಗುರುತಿಸಲ್ಪಟ್ಟರೆ ರೋಗಿ ವ್ಯರ್ಥವಾಗಿ ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಾದೀತು.

ಹಾಗಾದರೆ ವ್ಯತ್ಯಾಸವನ್ನು ಕಾಣುವುದು ಹೇಗೆ? ನಮ್ಮ ಮಿದುಳು ದೇಹದ ತೂಕದ ಸುಮಾರು ಶೇಕಡ 2ರಷ್ಟಿದ್ದರೂ, ವಿಶ್ರಾಂತಿಯಲ್ಲಿ ದೇಹ ಬಳಸುವ ಶಕ್ತಿಯ ಸುಮಾರು ಶೇಕಡ 20ನ್ನು ಅದೇ ಬಳಸುತ್ತದೆ. ಅದರ ಮುಖ್ಯ ಇಂಧನ ಗ್ಲೂಕೋಸ್. ಗ್ಲೂಕೋಸನ್ನೇ ಹೋಲುವ ಒಂದು ವಸ್ತುವಿಗೆ ವಿಕಿರಣಶೀಲ ಫ್ಲೋರೀನ್-18 ಸೇರಿಸಿ, ಸ್ವಲ್ಪ ಪ್ರಮಾಣವನ್ನು ರಕ್ತನಾಳಕ್ಕೆ ಚುಚ್ಚುತ್ತಾರೆ. ನರಕೋಶಗಳು ಅದನ್ನು ಒಳಗೆ ಸೆಳೆದುಕೊಳ್ಳುತ್ತವೆ, ಆದರೆ ಪೂರ್ತಿಯಾಗಿ ಬಳಸಲಾರವು. ಅದು ಅಲ್ಲೇ ಉಳಿಯುತ್ತದೆ. ಅದರಿಂದ ಹೊರಟ ಪಾಸಿಟ್ರಾನ್ ಒಂದು ಎಲೆಕ್ಟ್ರಾನನ್ನು ಸಂಧಿಸಿದಾಗ, ವಿರುದ್ಧ ದಿಕ್ಕಿಗೆ ಎರಡು ಗಾಮಾ ಕಿರಣಗಳು ಹೊಮ್ಮುತ್ತವೆ. ತಲೆಯ ಸುತ್ತಲಿನ ಉಪಕರಣ ಅವನ್ನು ಗ್ರಹಿಸಿ ಚಿತ್ರ ರಚಿಸುತ್ತದೆ. ಇದೇ ಪೆಟ್ ಸ್ಕ್ಯಾನ್. ಫ್ಲೋರೀನ್-18ರ ಅರ್ಧಾಯುಷ್ಯ ಸುಮಾರು 110 ನಿಮಿಷ. ಆದ್ದರಿಂದ ಅದನ್ನು ತಯಾರಿಸಿದೊಡನೆ ಬಳಸಬೇಕು.

ಚಾಮುಂಡಿ ಬೆಟ್ಟದಿಂದ ರಾತ್ರಿ ಮೈಸೂರನ್ನು ನೋಡಿದರೆ ಯಾವ ಬೀದಿಯಲ್ಲಿ ದೀಪ ಉರಿಯುತ್ತಿದೆ, ಯಾವುದು ಕತ್ತಲಾಗಿದೆ ಎಂದು ತಿಳಿಯುತ್ತದಲ್ಲವೇ? ಇದೂ ಹಾಗೆಯೇ. ಪಾರ್ಕಿನ್ಸನ್ ರೋಗದಲ್ಲಿ ಮಿದುಳಿನ ಆಳದ ಪ್ಯುಟಮೆನ್ ಭಾಗದಲ್ಲಿ ಗ್ಲೂಕೋಸ್ ಬಳಕೆ ಕುಗ್ಗಿರುವುದಿಲ್ಲ. ತುಲನೆಯಲ್ಲಿ ಹೆಚ್ಚೇ ಇರುತ್ತದೆ. ಮಲ್ಟಿಪಲ್ ಸಿಸ್ಟಮ್ ಅಟ್ರೋಫಿಯಲ್ಲಿ ಪ್ಯುಟಮೆನ್ ಮತ್ತು ಕಿರುಮಿದುಳು ಮಂಕಾಗುತ್ತವೆ. ಸುಪ್ರಾನ್ಯೂಕ್ಲಿಯರ್ ಪಾಲ್ಸಿಯಲ್ಲಿ ಮಿದುಳುಕಾಂಡದ ಮೇಲ್ಭಾಗ ಮತ್ತು ಮುಂದಲೆಯ ಒಳಬದಿ ಮಂಕಾಗುತ್ತವೆ.

ನ್ಯೂಯಾರ್ಕಿನ ಡೇವಿಡ್ ಐಡಲ್‌ಬರ್ಗ್ ಮತ್ತು ಸಂಗಡಿಗರು 167 ರೋಗಿಗಳ ಇಂಥ ಚಿತ್ರಗಳನ್ನು ಕಂಪ್ಯೂಟರಿನಿಂದ ವಿಂಗಡಿಸಿ, ಅದೇ ರೋಗಿಗಳನ್ನು ಸರಾಸರಿ 2.6 ವರ್ಷ ಗಮನಿಸಿದ ತಜ್ಞರ ನಿರ್ಣಯದೊಡನೆ ಹೋಲಿಸಿ, 2010ರಲ್ಲಿ ಪ್ರಕಟಿಸಿದರು. ಕಂಪ್ಯೂಟರು ಪಾರ್ಕಿನ್ಸನ್ ಎಂದವರಲ್ಲಿ ಶೇಕಡ 98 ಮಂದಿಗೆ ತಜ್ಞರೂ ಅದನ್ನೇ ಹೇಳಿದ್ದರು. ಆದರೆ ತಜ್ಞರು ಪಾರ್ಕಿನ್ಸನ್ ಎಂದ ನೂರು ಮಂದಿಯಲ್ಲಿ ಸುಮಾರು 16 ಮಂದಿಯನ್ನು ಕಂಪ್ಯೂಟರು ಹಾಗೆ ಗುರುತಿಸಿರಲಿಲ್ಲ.

ಆದ್ದರಿಂದ ಚಿತ್ರ ವೈದ್ಯನಿಗೆ ಸಹಾಯಕವೇ ಹೊರತು ಬದಲಿಯಲ್ಲ. ರೋಗಿಯ ಮಾತು ಕೇಳುವುದು, ನಡಿಗೆ ನೋಡುವುದು, ಕಣ್ಣಿನ ಚಲನೆ ಪರೀಕ್ಷಿಸುವುದು ಇಂದಿಗೂ ಮೊದಲ ಹೆಜ್ಜೆ. ಈ ಮೂರು ರೋಗಗಳನ್ನೂ ಗುಣಪಡಿಸುವ ಔಷಧಿ ಇನ್ನೂ ಸಿಕ್ಕಿಲ್ಲ. ಅದನ್ನು ಹುಡುಕಬೇಕಾದರೂ, ಯಾರಿಗೆ ಯಾವ ರೋಗ ಎಂಬುದು ಮೊದಲು ಖಚಿತವಾಗಬೇಕು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ವೈದ್ಯಶಾಸ್ತ್ರ ನಾಲ್ಕೂ ಕೂಡಿ ಮಾಡುವ ಈ ಕೆಲಸದಲ್ಲಿ ನಿಮ್ಮಲ್ಲಿ ಕೆಲವರಾದರೂ ತೊಡಗುವಂತಾಗಲಿ.