ಟಮಾಟಿ ಅಗ್ಗಾದಾಗ ಬಾಟಲಿ ತುಂಬಿರಿ



ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯಿಂದ ಗದಗ-ಬೆಟಗೇರಿ ಪ್ಯಾಟಿಗೆ ಟಮಾಟಿ ಒಯ್ದಾಗ, ದರ ಬಿದ್ದರೆ ಗಾಡಿ ಬಾಡಿಗೆಯೂ ಹುಟ್ಟುವುದಿಲ್ಲ. ಅಂಥ ದಿನ ಹಣ್ಣನ್ನು ದನದ ಮುಂದೆ ಸುರಿಯುವ ಮೊದಲು 5 ಕಿಲೊ ಮನೆಯಲ್ಲಿ ಇಟ್ಟುಕೊಳ್ಳಿರಿ. ಸಾಸ್ ಮಾಡಲಿಕ್ಕೆ ಬರತದ.

ಸಾಸ್ ಅಂದರೆ ಪ್ಯಾಟಿಯವರ ತಿನಿಸು ಅನ್ನಬ್ಯಾಡ್ರಿ. ಇಟಲಿ ದೇಶದವರು ಇದನ್ನು ಪಾಸ್ತಾದ ಮೇಲೆ ಹಾಕಿಕೊಂಡು ಉಣ್ಣುತ್ತಾರೆ. ಪಾಸ್ತಾ ಆಗುವುದು ಡ್ಯೂರಮ್ ಎಂಬ ಗಟ್ಟಿ ಗೋದಿಯ ರವೆಯಿಂದ. ನಮ್ಮ ಬನ್ಸಿ ಗೋದಿಯೂ ಅದೇ ಜಾತಿಯದು. ಅಂದಮೇಲೆ ನಮ್ಮ ಶಾವಿಗೆಗೂ ಇದು ಒಪ್ಪತದ.

ಪೂರ್ತಿ ಕೆಂಪಾದ, ಕೊಳೆಯದ ಹಣ್ಣು ಆರಿಸಿರಿ. ಕುದಿಯುವ ನೀರಿನಲ್ಲಿ 1 ನಿಮಿಷ ಬಿಟ್ಟು ತಣ್ಣೀರಿಗೆ ಹಾಕಿದರೆ ಸಿಪ್ಪೆ ತಾನೇ ಬಿಡತದ. ಹೆಚ್ಚಿ, ಸ್ಟೀಲ್ ಪಾತ್ರೆಯಲ್ಲಿ ಬೇಯಿಸಿ, ಜರಡಿಯಲ್ಲಿ ಸೋಸಿ, ಮತ್ತೆ ಕುದಿಸಿರಿ. ಕಲಾಯಿ ಹೋದ ಹಿತ್ತಾಳೆ ಪಾತ್ರೆ ಬೇಡ. ಒಂದು ಹನಿಯನ್ನು ತಾಟಿನ ಮೇಲೆ ಬಿಟ್ಟಾಗ ಸುತ್ತ ನೀರು ಒಡೆಯದಿದ್ದರೆ ಹದ ಬಂತು. 5 ಕಿಲೊ ಹಣ್ಣಿಗೆ ಅರ್ಧ ಲೀಟರಿನ ಸುಮಾರು 3 ಬಾಟಲಿ ಆಗತಾವ.

ದಪ್ಪ ಗಾಜಿನ, ಬಿಗಿ ಮುಚ್ಚಳದ ಬಾಟಲಿಗಳನ್ನು ನೀರಿನಲ್ಲಿ ಕುದಿಸಿಕೊಳ್ಳಿರಿ. ಪ್ರತಿ ಬಾಟಲಿಗೆ ಕಾಲು ಚಮಚ ಸಿಟ್ರಿಕ್ ಆಮ್ಲ ಹಾಕಿ, ಬಿಸಿ ಸಾಸ್ ತುಂಬಿ, ಮೇಲೆ ಅರ್ಧ ಇಂಚು ಖಾಲಿ ಬಿಟ್ಟು ಮುಚ್ಚಿರಿ. ಪಾತ್ರೆಯ ತಳಕ್ಕೆ ಅರಿವೆ ಹಾಸಿ, ಬಾಟಲಿ ಮುಳುಗುವಷ್ಟು ನೀರಿನಲ್ಲಿ 40 ನಿಮಿಷ ಕುದಿಸಿರಿ.

ಇನ್ನು ಮುಖ್ಯ ಮಾತು. ಬಾಟಲಿಗೆ ಎಣ್ಣೆ, ಉಳ್ಳಾಗಡ್ಡಿ, ಬೆಳ್ಳುಳ್ಳಿ ಹಾಕಬ್ಯಾಡ್ರಿ. ಹುಳಿ ಕಡಿಮೆಯಾಗಿ ಗಾಳಿ ಇಲ್ಲದ ಕಡೆ ಬೆಳೆಯುವ ಒಂದು ಸೂಕ್ಷ್ಮಜೀವಿ ವಿಷ ಹುಟ್ಟಿಸತದ. ಆ ವಿಷ ಕಣ್ಣಿಗೆ ಕಾಣದು, ಮೂಗಿಗೂ ತಿಳಿಯದು, ಜೀವಕ್ಕೇ ಎರವಾದೀತು. ಸಿಟ್ರಿಕ್ ಆಮ್ಲ ಹಾಕುವುದು ರುಚಿಗಲ್ಲ, ಇದನ್ನು ತಡೆಯಲಿಕ್ಕೆ. ಮುಚ್ಚಳ ಉಬ್ಬಿದ್ದರೆ, ನೊರೆ ಬಂದಿದ್ದರೆ ನಾಲಿಗೆಗೂ ಹಚ್ಚದೆ, ದನಕ್ಕೂ ಹಾಕದೆ ಹುಗಿದುಬಿಡಿರಿ.

ಒಗ್ಗರಣೆ ಉಣ್ಣುವ ದಿನ ಆಗಲಿ. ಕುಸುಬಿ ಎಣ್ಣೆಯಲ್ಲಿ ಬೆಳ್ಳುಳ್ಳಿ, ಉಳ್ಳಾಗಡ್ಡಿ ಕೆಂಪಗೆ ಹುರಿದು, ಉಪ್ಪು, ಕೆಂಪು ಖಾರ ಹಾಕಿ, ಸಾಸ್ ಸುರಿದು 10 ನಿಮಿಷ ಕುದಿಸಿರಿ. ಬಸಿದ ಶಾವಿಗೆಗೆ ಕಲಸಿರಿ. ತೆರೆದ ಬಾಟಲಿಯನ್ನು ಅಂದೇ ಮುಗಿಸಿರಿ.

ದರ ನಮ್ಮ ಕೈಯಲ್ಲಿ ಇಲ್ಲ; ಬೆಳೆದದ್ದನ್ನು ಮಕ್ಕಳ ತಾಟಿಗೆ ಮುಟ್ಟಿಸುವುದು ನಮ್ಮ ಕೈಯಲ್ಲಿ ಅದ.