ಜಾಣನೋ, ಕಿಲಾಡಿಯೋ?

ನಾನು ದೀಪಾಂಜಲಿ ನಗರದವನು. ಮೈಸೂರು ರಸ್ತೆಯ ಕಾರ್ಖಾನೆಯೊಂದರ ಕಚೇರಿಯಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಪತ್ರ ಬರೆದವನು. ನಮ್ಮ ಮಹಡಿ ಮನೆಯಲ್ಲಿ ಪಿಯುಸಿ ಓದುವ ಹುಡುಗಿಯೊಬ್ಬಳಿದ್ದಾಳೆ. ಪರೀಕ್ಷೆ ಹತ್ತಿರ ಬಂತೆಂದರೆ ಮೆಟ್ಟಿಲಿಳಿದು ಬಂದು, "ತಾತ, 'ಹ್ಯಾಪಿ'ಗೆ ಇನ್ನೂ ಐದು ಪದ ಹೇಳಿ" ಅನ್ನುತ್ತಾಳೆ. ಐದೇಕೆ, ಹದಿನೈದು ಹೇಳಬಹುದು. ಆದರೆ ಹೇಳುವ ಮೊದಲು ಅವಳನ್ನು ಕೂರಿಸಿಕೊಂಡು ಒಂದು ಕಥೆ ಹೇಳುತ್ತೇನೆ. ಇವತ್ತು ಅದು ನಿಮಗೂ ಇರಲಿ.

ನಾನು ಕೆಲಸಕ್ಕೆ ಸೇರಿ ಐದಾರು ವರ್ಷವಾಗಿತ್ತು. ನನಗಿಂತ ಕಿರಿಯ ಹುಡುಗನೊಬ್ಬ, ಬಹಳ ಚುರುಕು, ಬೇರೆ ಕಡೆ ಕೆಲಸಕ್ಕೆ ಅರ್ಜಿ ಹಾಕಿದ. ಅವನ ಬಗ್ಗೆ ಶಿಫಾರಸು ಪತ್ರ ಬರೆಯುವುದು ನನ್ನ ಪಾಲಿಗೆ ಬಂತು. 'ಕ್ಲೆವರ್' ಎಂಬ ಪದವನ್ನು ಆಗಲೇ ಎರಡು ಸಲ ಬಳಸಿದ್ದೆ. ಮೂರನೆಯ ಸಲ ಬೇರೆ ಏನಾದರೂ ಇರಲಿ ಎಂದು ಜೇಬಿನ ನಿಘಂಟು ತೆಗೆದೆ. 'ಕನಿಂಗ್' ಎದುರು 'ಜಾಣ, ಚತುರ' ಎಂದಿತ್ತು. ಬರೆದೆ. ಆ ಕೆಲಸ ಅವನಿಗೆ ಸಿಗಲಿಲ್ಲ. ಆ ಪದದಿಂದಲೇ ತಪ್ಪಿತು ಎನ್ನಲು ಸಾಕ್ಷಿಯಿಲ್ಲ. ಆದರೆ ಎಷ್ಟೋ ವರ್ಷದ ಮೇಲೆ ಆ ಪದದ ಬಣ್ಣ ತಿಳಿದ ದಿನ ನನಗೆ ಊಟ ಸೇರಲಿಲ್ಲ. ಜಾಣ ಎನ್ನಲು ಹೋಗಿ ಕಿಲಾಡಿ ಎಂದು ಬರೆದುಕೊಟ್ಟಿದ್ದೆ.

ಪಾಪ, ನಿಘಂಟು ಸುಳ್ಳು ಹೇಳಿರಲಿಲ್ಲ. ಹಳೇ ಕಾಲದ ಮಾತು ಹೇಳಿತ್ತು. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಹಾರ್ಪ್ ವಾದ್ಯವನ್ನು ಚೆನ್ನಾಗಿ ನುಡಿಸುವವನಿಗೆ ಇದೇ 'ಕನಿಂಗ್' ಪದವಿದೆ. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಮಾಡಿದ ನಿಘಂಟಿನಲ್ಲೂ ಬಲ್ಲವನು, ನುರಿತವನು ಎಂಬ ಅರ್ಥವೇ ಮೊದಲು ಬರುತ್ತದೆ. ಕಾಲ ಕಳೆದಂತೆ ಪದ ಕೆಟ್ಟ ಸಹವಾಸಕ್ಕೆ ಬಿತ್ತು. ನಮ್ಮ ಜೇಬಿನ ಪುಸ್ತಕಕ್ಕೆ ಆ ಸುದ್ದಿ ಬಂದಿರಲಿಲ್ಲ, ಅಷ್ಟೆ.

ಅಲ್ಲಿಂದ ನನಗೆ ಈ ಸಮಾನಾರ್ಥಕ ಪದಗಳ ಹುಚ್ಚು ಹಿಡಿಯಿತು. ಭಾನುವಾರಗಳಲ್ಲಿ ಬಸ್ಸು ಹತ್ತಿ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳಿಗೆ ಹೋಗುತ್ತಿದ್ದೆ. ಅಲ್ಲಿ ಸಿಕ್ಕಿದ್ದು ರಟ್ಟು ಹರಿದ ಒಂದು ಥೆಸಾರಸ್, ಅಂದರೆ ಸಮಾನಾರ್ಥಕ ಪದಗಳ ಕೋಶ. ಅದನ್ನು ಮಾಡಿದವನ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡುತ್ತೇನೆ, ಬೇಸರಿಸಬೇಡಿ.

ಪೀಟರ್ ಮಾರ್ಕ್ ರೋಜೆ ಹುಟ್ಟಿದ್ದು 1779ರಲ್ಲಿ, ಲಂಡನ್ನಿನಲ್ಲಿ. ನಾಲ್ಕು ವರ್ಷವಾಗುವಷ್ಟರಲ್ಲಿ ತಂದೆ ತೀರಿಕೊಂಡರು. ತಾಯಿಯ ಮನಸ್ಸು ಸ್ಥಿಮಿತದಲ್ಲಿರಲಿಲ್ಲ. ಹುಡುಗ ಪದಗಳ ಪಟ್ಟಿ ಮಾಡುತ್ತಾ ಬೆಳೆದ. ಮುಂದೆ ವೈದ್ಯನಾದ. ತಂದೆಯ ಜಾಗದಲ್ಲಿ ನಿಂತಿದ್ದ ಸೋದರಮಾವ, ಹೆಸರಾಂತ ವಕೀಲ ಸ್ಯಾಮ್ಯುಯೆಲ್ ರೊಮಿಲಿ, 1818ರಲ್ಲಿ ಹೆಂಡತಿ ಸತ್ತ ದುಃಖ ತಾಳದೆ ಕತ್ತು ಕೊಯ್ದುಕೊಂಡರು. ಅವರಿಗೆ ಔಷಧೋಪಚಾರ ಮಾಡುತ್ತಿದ್ದವರಲ್ಲಿ ರೋಜೆಯೂ ಒಬ್ಬ. ಇಷ್ಟೆಲ್ಲ ಕಂಡವನಿಗೆ ಪದಗಳನ್ನು ಒಂದೊಂದು ಗೂಡಿನಲ್ಲಿ ಜೋಡಿಸಿಡುವುದೇ ಸಮಾಧಾನವಾಗಿದ್ದಿರಬೇಕು ಎಂದು ನನಗನ್ನಿಸುತ್ತದೆ. 1805ರಲ್ಲಿ ತನ್ನ ಬಳಕೆಗೆಂದು ಒಂದು ಪದಪಟ್ಟಿ ಬರೆದಿಟ್ಟುಕೊಂಡಿದ್ದ. ರಾಯಲ್ ಸೊಸೈಟಿಯ ಕಾರ್ಯದರ್ಶಿ ಕೆಲಸದಿಂದ ನಿವೃತ್ತನಾದ ಮೇಲೆ ಅದನ್ನೇ ಹಿಡಿದು ಕೂತ. 1852ರಲ್ಲಿ ಪುಸ್ತಕ ಹೊರಬಂದಾಗ ಅವನಿಗೆ ಎಪ್ಪತ್ತಮೂರು ವರ್ಷ. ಸಾವಿರ ತಲೆಬರಹ, ಒಂದೊಂದರ ಕೆಳಗೂ ಒಂದೇ ಭಾವದ ಪದಗಳ ಹಿಂಡು. ತೊಂಬತ್ತು ವರ್ಷ ಬದುಕಿದ.

ಆ ಪುಸ್ತಕದ ಮುನ್ನುಡಿಯ ಅಡಿಟಿಪ್ಪಣಿಯೊಂದನ್ನು ಓದಿ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಇಂಥ ಪ್ರಯತ್ನ ನನಗಿಂತ ಮೊದಲು ಯಾರು ಮಾಡಿದ್ದಾರೆ ಎಂದು ಹೇಳುತ್ತಾ ರೋಜೆ ಎಲ್ಲಕ್ಕಿಂತ ಹಳೆಯದೆಂದು ಹೆಸರಿಸುವುದು ನಮ್ಮ ಸಂಸ್ಕೃತದ ಅಮರಕೋಶವನ್ನು! ಕೋಲ್‌ಬ್ರೂಕ್ ಎಂಬ ವಿದ್ವಾಂಸ ಅದನ್ನು ಇಂಗ್ಲಿಷಿಗೆ ತಂದು 1808ರಲ್ಲಿ ಸೆರಾಂಪುರದಲ್ಲಿ ಅಚ್ಚು ಹಾಕಿಸಿದ್ದ. ನಮ್ಮ ಊರುಗಳ ಕೂಲಿಮಠಗಳಲ್ಲಿ ಹುಡುಗರು ಬೆಳಗಿನ ಜಾವ ಎದ್ದು ಬಾಯಿಪಾಠ ಮಾಡುತ್ತಿದ್ದ ಅಮರ, ಲಂಡನ್ನಿನ ವೈದ್ಯನ ಮೇಜಿನ ಮೇಲೆ! ಅದರ ವಿಂಗಡಣೆ ಬಹಳ ಗೊಂದಲದ್ದು ಎಂದು ರೋಜೆ ಅಲ್ಲೇ ತಳ್ಳಿಹಾಕಿದ್ದಾನೆ. ಆ ಮಾತು ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ. ಅದನ್ನು ಬರೆದ ಅಮರಸಿಂಹ ಪದ್ಯಕ್ಕೆ, ಕಂಠಕ್ಕೆ ಹೊಂದುವಂತೆ ಕಟ್ಟಿದ್ದನ್ನು ಕಣ್ಣಿಗೆಂದು ಮಾಡಿದ ಪಟ್ಟಿಯ ಅಳತೆಗೋಲಿನಿಂದ ಅಳೆದರೆ ಹೇಗೆ? ಕನ್ನಡದಲ್ಲೂ ಹತ್ತನೇ ಶತಮಾನದ ರನ್ನನಿಂದಲೇ ಈ ಕೆಲಸ ಶುರುವಾಗಿದೆ. ಅವನ ನಿಘಂಟು ರನ್ನಕಂದ. ಆಮೇಲೆ ಲಿಂಗಮಂತ್ರಿಯ ಕಬ್ಬಿಗರ ಕೈಪಿಡಿ ಬಂತು. ಹೆಸರು ನೋಡಿ, ಕವಿಗಳ ಕೈಗೆ ಕೊಡುವ ಪುಸ್ತಕ.

ರೋಜೆ ಇನ್ನೊಂದು ಮಾತನ್ನೂ ಒಪ್ಪಿಕೊಂಡಿದ್ದಾನೆ. ಒಂದೇ ಹಿಂಡಿನ ಪದಗಳ ನಡುವಿನ ಸೂಕ್ಷ್ಮ ವ್ಯತ್ಯಾಸ ಹೇಳುವುದು ಬೇರೆಯದೇ ವಿದ್ಯೆ, ಅದಕ್ಕೆ ನಾನು ಕೈ ಹಾಕಿಲ್ಲ ಎಂದು. ಇಂಗ್ಲಿಷ್ ಮನೆಮಾತಾದವನು ಪಟ್ಟಿ ನೋಡಿ ಹೊಂದುವ ಪದ ಎತ್ತಿಕೊಳ್ಳುತ್ತಾನೆ. ನಮ್ಮಂಥವರು ಎತ್ತಿದರೆ 'ಕನಿಂಗ್' ಕೈಗೆ ಬರುತ್ತದೆ.

ಹಾಗಾದರೆ ನಮಗೆ ದಾರಿ ಯಾವುದು? ಅದು ಸಿಕ್ಕಿದ್ದು ಒಬ್ಬ ಜರ್ಮನ್ನನಿಂದ. ಫರ್ಡಿನೆಂಡ್ ಕಿಟ್ಟೆಲ್ 1853ರಲ್ಲಿ ಮಂಗಳೂರಿಗೆ ಬಂದಿಳಿದಾಗ ಇಪ್ಪತ್ತೊಂದು ವರ್ಷದ ಯುವಕ, ಬಾಸೆಲ್ ಮಿಷನ್ನಿನ ಪಾದ್ರಿ. ಮಿಷನರಿಗಳ ನಿಘಂಟು ಹೊಸದೇನಲ್ಲ. ಬಳ್ಳಾರಿಯಲ್ಲಿದ್ದ ವಿಲಿಯಂ ರೀವ್ 1824ರಲ್ಲೇ ಇಂಗ್ಲಿಷ್–ಕನ್ನಡ ನಿಘಂಟು ತಂದಿದ್ದ. ಆದರೆ ಕಿಟ್ಟೆಲ್ಲರ ತಾಳ್ಮೆಯೇ ಬೇರೆ. ಕೇಶಿರಾಜನ ಶಬ್ದಮಣಿದರ್ಪಣ ಸಂಪಾದಿಸಿದರು, ನಾಗವರ್ಮನ ಛಂದಸ್ಸು ಸಂಪಾದಿಸಿದರು, ಹಳೆಗನ್ನಡವನ್ನೂ ಜನರ ಗಾದೆಗಳನ್ನೂ ಒಟ್ಟಿಗೆ ಕಲೆಹಾಕಿದರು. ಈ ಮಾತು ಮೈಸೂರು ಕಡೆಯದು, ಇದು ಉತ್ತರದ ಸೀಮೆಯದು ಎಂದು ಗುರುತು ಹಾಕಿಟ್ಟರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಬಂದ ಅವರ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ.

ಇಂಗ್ಲಿಷ್ ಅವರಿಗೂ ಮನೆಮಾತಲ್ಲ, ಕನ್ನಡವೂ ಅಲ್ಲ. ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗಬೇಕಿತ್ತು. ಒಂದು ಕನ್ನಡ ಪದದ ಎದುರು ಮೂರು, ನಾಲ್ಕು, ಆರು ಇಂಗ್ಲಿಷ್ ಪದಗಳನ್ನು ಸಾಲಾಗಿ ಇಡುತ್ತಾರೆ. ಎಲ್ಲರೂ ಕಿಟ್ಟೆಲ್ ನೋಡುವುದು ಕನ್ನಡದ ಅರ್ಥಕ್ಕೆ. ನಾನು ಅದನ್ನು ಇಂಗ್ಲಿಷ್ ಕಲಿಯುವುದಕ್ಕೆ ಓದಿದೆ. ಮನಸ್ಸಿನಲ್ಲಿರುವುದನ್ನು ಮೊದಲು ಕನ್ನಡದಲ್ಲಿ ಖಚಿತ ಮಾಡಿಕೊಳ್ಳುವುದು, ಆಮೇಲೆ ಆ ಕಡೆ ಹೋಗುವುದು. ಆ ಹುಡುಗ ಜಾಣನೋ, ಗಟ್ಟಿಗನೋ, ಬುದ್ಧಿವಂತನೋ, ಚಾಲಾಕಿಯೋ ಎಂದು ಪತ್ರ ಬರೆಯುವ ದಿನ ನನ್ನನ್ನೇ ಕೇಳಿಕೊಂಡಿದ್ದರೆ ಸಾಕಿತ್ತು.

ಯಾಕೆಂದರೆ ಕನ್ನಡದಲ್ಲಿ ಪದದ ಬಣ್ಣ ಹಿಡಿಯುವ ಕಿವಿ ನಮಗೆ ಹುಟ್ಟಿನಿಂದ ಬಂದಿದೆ. ನಮ್ಮ ನಲ್ಲಿಯಲ್ಲಿ ಬರುವುದು ನೀರು. ಬಿಲ್ಲು ಕಳಿಸುವುದು ಜಲಮಂಡಳಿ. ಬ್ಯಾಟರಾಯನಪುರದ ಗಾಳಿ ಆಂಜನೇಯನ ಗುಡಿಯಲ್ಲಿ ಅಂಗೈಗೆ ಬೀಳುವುದು ತೀರ್ಥ. ಗುಡಿಯಲ್ಲಿ ಯಾರೂ 'ಸ್ವಲ್ಪ ಜಲ ಕೊಡಿ' ಎನ್ನುವುದಿಲ್ಲ. ಇಂಗ್ಲಿಷಿನಲ್ಲೂ ಹೀಗೇ ಪದರ ಪದರ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಹಳ್ಳಿಯ ಮಾತಿನ ಮೇಲೆ ಅರಮನೆಯ ಫ್ರೆಂಚ್ ಕೂತಿತು, ಅದರ ಮೇಲೆ ಪಂಡಿತರ ಲ್ಯಾಟಿನ್. 'ಆಸ್ಕ್' ಹಳೇ ನಾಡಮಾತು, 'ಕ್ವೆಶ್ಚನ್' ಫ್ರೆಂಚಿನಿಂದ ಬಂದದ್ದು, 'ಇಂಟರಾಗೇಟ್' ಲ್ಯಾಟಿನ್ನಿನದು. ನಮ್ಮಲ್ಲಿ ನೋಡಿ: ಕೇಳುವುದು, ಪ್ರಶ್ನಿಸುವುದು, ವಿಚಾರಣೆ ಮಾಡುವುದು. ಅಮ್ಮ ಕೇಳುತ್ತಾಳೆ, ಮೇಷ್ಟ್ರು ಪ್ರಶ್ನಿಸುತ್ತಾರೆ, ಪೊಲೀಸರು ವಿಚಾರಣೆ ಮಾಡುತ್ತಾರೆ. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಮನೆಯೇ ಠಾಣೆಯಾಗುತ್ತದೆ. ನಡಿಗೆಯ ಪದಗಳೂ ಅಷ್ಟೆ. 'ಸ್ಟ್ರೋಲ್' ಎಂದರೆ ಅಡ್ಡಾಡುವುದು, 'ಸ್ಟ್ರೈಡ್' ಎಂದರೆ ದಾಪುಗಾಲು ಹಾಕುವುದು, 'ಟ್ರಡ್ಜ್' ಎಂದರೆ ಸುಸ್ತಾಗಿ ಕಾಲೆಳೆದುಕೊಂಡು ಹೋಗುವುದು. ಸಂಜೆ ಏಳು ಗಂಟೆಗೆ ನಮ್ಮ ಮೆಟ್ರೋ ನಿಲ್ದಾಣದ ಮೆಟ್ಟಿಲ ಬಳಿ ಐದು ನಿಮಿಷ ನಿಂತರೆ ಮೂರನ್ನೂ ನೋಡಬಹುದು.

ಕಿಟ್ಟೆಲ್ ಆದ ಮೇಲಿನ ಇತಿಹಾಸ ನಿಮಗೆ ಗೊತ್ತಿರುವುದೇ. 1946ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು ಬಂತು. 1949ರಲ್ಲಿ ಅಮೆರಿಕದಲ್ಲಿ ನಾರ್ಮನ್ ಲೂಯಿಸ್ ಬರೆದ 'ವರ್ಡ್ ಪವರ್ ಮೇಡ್ ಈಸಿ' ಇವತ್ತಿಗೂ ಅವೆನ್ಯೂ ರಸ್ತೆಯಲ್ಲಿ ಮಾರಾಟವಾಗುತ್ತದೆ. ಇನ್ನು ಜಿ. ವೆಂಕಟಸುಬ್ಬಯ್ಯನವರು. ವಿಜಯಾ ಕಾಲೇಜಿನ ಮೇಷ್ಟ್ರು. ಇಂಗ್ಲಿಷ್–ಕನ್ನಡ ನಿಘಂಟನ್ನೂ ಕೊಟ್ಟವರು. 1991ರಿಂದ ಪ್ರಜಾವಾಣಿಯ 'ಇಗೋ ಕನ್ನಡ' ಅಂಕಣದಲ್ಲಿ ಯಾರು ಏನು ಕೇಳಿದರೂ ಅಲಕ್ಷ್ಯ ಮಾಡದೆ ಉತ್ತರಿಸಿದರು. ನೂರೇಳು ವರ್ಷ ಬದುಕಿ 2021ರಲ್ಲಿ ಹೋದರು. ಆ ಅಂಕಣಕ್ಕೆ 'ಜಾಣ, ಕಿಲಾಡಿ' ಬಗ್ಗೆ ಒಂದು ಪ್ರಶ್ನೆ ಬರೆದು, ಅಂಚೆಗೆ ಹಾಕದೆ ಮೇಜಿನ ಡ್ರಾಯರಿನಲ್ಲೇ ಇಟ್ಟುಕೊಂಡೆ. ಇವತ್ತು ಹಾಕಿದರಾಯಿತು, ನಾಳೆ ಹಾಕಿದರಾಯಿತು ಎಂದು ದಿನ ಕಳೆದೆ. ಈಗ ಕೇಳೋಣವೆಂದರೆ ಅವರಿಲ್ಲ.

ಮಹಡಿಯ ಹುಡುಗಿ ಈಗ ಐದು ಪದ ಕೇಳುವುದಿಲ್ಲ. ಒಂದು ನೋಟ್‌ಬುಕ್ ಮಾಡಿಕೊಂಡಿದ್ದಾಳೆ. ಎಡಗಡೆ ಕನ್ನಡ, ಬಲಗಡೆ ಇಂಗ್ಲಿಷ್. ಹಿಗ್ಗು, ನೆಮ್ಮದಿ, ಸಂಭ್ರಮ, ತೃಪ್ತಿ, ಒಂದೊಂದಕ್ಕೂ ಬೇರೆ ಬೇರೆ ಸಾಲು. ಹಿಗ್ಗಿಗೆ 'ಡಿಲೈಟ್', ತೃಪ್ತಿಗೆ 'ಕಂಟೆಂಟ್‌ಮೆಂಟ್' ತುಂಬಿಸಿದ್ದಾಳೆ. ನಿನ್ನೆ ರಾತ್ರಿ ತಂದು ತೋರಿಸಿದಳು. ಅಕ್ಕರೆಯ ಎದುರು ಪೆನ್ಸಿಲ್ಲಿನಲ್ಲಿ 'ಫಾಂಡ್‌ನೆಸ್' ಎಂದು ಬರೆದು ಅಳಿಸಿದ್ದ ಗುರುತಿತ್ತು. ಪಕ್ಕದಲ್ಲಿ ಇನ್ನೇನೋ ಬರೆದು ಅದನ್ನೂ ಅಳಿಸಿದ್ದಳು. "ತಾತ, ಇದು ಇನ್ನೂ ಸಿಕ್ಕಿಲ್ಲ" ಎಂದಳು. ನಾವಿಬ್ಬರೂ ಕನ್ನಡಕ ಒರೆಸಿಕೊಂಡು ಕಿಟ್ಟೆಲ್ ತೆಗೆದೆವು.